ನಲವತ್ತನೆಯ ಲೆಕ್ಕ



ಈ ವಾರ ಹೊಸ ಲೆಕ್ಕಕ್ಕೆ ಹೋಗುವ ಮೊದಲು ಒಂದು ಹಳೆಯ ಲೆಕ್ಕ ತಿದ್ದಬೇಕಾಗಿದೆ. ತಪ್ಪು ನಿಮ್ಮದಲ್ಲ, ನನ್ನದು.

ಮೂರು ವಾರದ ಹಿಂದೆ ಇದೇ ಪುಟದಲ್ಲಿ ಒಂದು ಸೂತ್ರ ಕೊಟ್ಟಿದ್ದೆ, ನೆನಪಿದೆಯೇ? ಯಾವುದಾದರೂ ಒಂದು ಸಂಖ್ಯೆಯನ್ನು ಅದರ ಮುಂದಿನ ಸಂಖ್ಯೆಯಿಂದ ಗುಣಿಸಿ, ಬಂದದ್ದಕ್ಕೆ 41 ಕೂಡಿಸಿ. 1×2+41 ಎಂದರೆ 43. 2×3+41 ಎಂದರೆ 47. 3×4+41 ಎಂದರೆ 53. ಹೀಗೆ ಮಾಡುತ್ತ ಹೋದರೆ ಯಾವಾಗಲೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ ಎಂದು ಬರೆದಿದ್ದೆ. ಆ ವಾಕ್ಯದಲ್ಲಿ ಉಳಿದದ್ದೆಲ್ಲ ಸರಿ ಇತ್ತು. 'ಯಾವಾಗಲೂ' ಎಂಬ ಒಂದು ಪದ ತಪ್ಪು.

ಈ ಸೂತ್ರವನ್ನು ನಾನು ಬಿ.ಕಾಂ. ಓದುವಾಗ ಗೆಳೆಯನೊಬ್ಬನ ಬಾಯಿಂದ ಕೇಳಿದ್ದೆ. ಆಗ ಹತ್ತರವರೆಗೆ ಮಾಡಿ ನೋಡಿದ್ದೆ. ಹತ್ತಕ್ಕೆ ಹತ್ತೂ ಸರಿ ಬಂದವು. ಅಲ್ಲಿಂದ ಇಲ್ಲಿಯವರೆಗೆ, ಐವತ್ತು ವರ್ಷ, ಸಿಕ್ಕ ಸಿಕ್ಕ ಮಕ್ಕಳಿಗೆಲ್ಲ ಹೇಳುತ್ತ ಬಂದೆ. ಹನ್ನೊಂದನೆಯದನ್ನು ಮಾತ್ರ ಮಾಡಿ ನೋಡಲಿಲ್ಲ.

ನೋಡಿದವಳು ನನ್ನ ಮೊಮ್ಮಗಳು. ರಾಣೇಬೆನ್ನೂರಿನಲ್ಲಿ ಎಂಟನೆಯ ಇಯತ್ತೆ ಓದುತ್ತಾಳೆ. ಹೋದ ವಾರ ಎರಡು ದಿನದ ಸೂಟಿಗೆಂದು ಹಾವೇರಿಗೆ ನಮ್ಮ ಮನೆಗೆ ಬಂದಿದ್ದಳು. ಭಾನುವಾರ ಅವಳನ್ನು ವಾಪಸು ಬಿಡಲು ರೈಲಿನಲ್ಲಿ ಹೊರಟೆವು. ಹಾವೇರಿ ಬಿಟ್ಟರೆ ಬ್ಯಾಡಗಿ, ಅದನ್ನು ದಾಟಿದರೆ ರಾಣೇಬೆನ್ನೂರು. ದೂರದ ಹಾದಿಯೇನಲ್ಲ. ಯಾವಾಗಲೂ ಕಿಟಕಿಗೆ ಅಂಟಿಕೊಂಡು ಮಾತಾಡುವ ಹುಡುಗಿ ಅವತ್ತು ಸುಮ್ಮನೆ ಕುಳಿತಿದ್ದಳು.

"ಯಾಕವ್ವಾ, ಬಾಯಿಗೆ ಬೀಗ ಹಾಕೀ?" ಎಂದೆ.

"ಅಜ್ಜಾ, ಒಂದು ಮಾತು ಹೇಳ್ತೀನಿ. ಸಿಟ್ಟಾಗಬಾರದು."

"ಹೇಳು."

"ನೀ ಬರದ ಲೆಕ್ಕ ನಲವತ್ತಕ್ಕ ಕೂಡಂಗಿಲ್ಲ."

ಚೀಲದಿಂದ ನೋಟ್‌ಬುಕ್ಕು ತೆಗೆದಳು. 1ರಿಂದ 39ರವರೆಗೆ ಒಂದರ ಕೆಳಗೊಂದು ಬರೆದಿದ್ದಳು. 39×40+41 ಎಂದರೆ 1601. ಅದೂ ಅವಿಭಾಜ್ಯವೇ. ಮೂವತ್ತೊಂಬತ್ತು ಸಲ ಸರಿ. ನಲವತ್ತನೆಯದು 40×41+41, ಅಂದರೆ 1681. ಅದನ್ನು 2ರಿಂದ ಭಾಗಿಸಿದ್ದಳು, ಹೋಗಲಿಲ್ಲ. 3, 5, 7, 11, 13 ಯಾವುದರಿಂದಲೂ ಹೋಗಲಿಲ್ಲ. 17, 19, 23, 29, 31, 37 ಕೂಡ ಆಗಿತ್ತು. ಹನ್ನೆರಡು ಅವಿಭಾಜ್ಯಗಳಿಂದ ಭಾಗಿಸಿ ಹನ್ನೆರಡು ಸಲವೂ ಶೇಷ ಉಳಿದಿತ್ತು. ಹದಿಮೂರನೆಯದು 41. ಅದರಿಂದ ಭಾಗಿಸಿದರೆ ಉತ್ತರ ಸರಿಯಾಗಿ 41, ಶೇಷ ಸೊನ್ನೆ.

1681 ಅವಿಭಾಜ್ಯವಲ್ಲ. ಅದು 41×41. ಒಂದು ಪೂರ್ಣ ವರ್ಗ.

ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ನೋಡಿದ ಮೇಲೆ ನಗು ಬಂತು, ನಾಚಿಕೆಯೂ ಆಯಿತು. ಭಾಗಾಕಾರವೇ ಬೇಕಿರಲಿಲ್ಲವಲ್ಲ! 40×41 ಅಂದರೆ ನಲವತ್ತು ನಲವತ್ತೊಂದುಗಳು. ಅದಕ್ಕೆ ಇನ್ನೊಂದು ನಲವತ್ತೊಂದು ಸೇರಿಸಿದರೆ ನಲವತ್ತೊಂದು ನಲವತ್ತೊಂದುಗಳು. ಬರೆದದ್ದು ಕಣ್ಣೆದುರಿಗೇ ಇತ್ತು. ಐವತ್ತು ವರ್ಷದಲ್ಲಿ ನಾನು ನೋಡಿರಲಿಲ್ಲ, ಅಷ್ಟೆ.

ಈ ಸೂತ್ರ 1772ರಲ್ಲಿ ಬೆಳಕಿಗೆ ತಂದವರು ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಲಿಯೊನಾರ್ಡ್ ಆಯ್ಲರ್ ಎಂಬ ದೊಡ್ಡ ಗಣಿತಜ್ಞರು. ಆ ಹೊತ್ತಿಗೆ ಅವರ ಕಣ್ಣಿನ ದೃಷ್ಟಿ ಬಹುಪಾಲು ಹೋಗಿತ್ತು. ಆದರೂ ಸೂತ್ರ ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಅವರು ಕಂಡಿದ್ದರು. 'ಯಾವಾಗಲೂ' ಎಂದು ಸೇರಿಸಿದ್ದು ನನ್ನಂಥವರು.

"ಇದನ್ನ ಯಾವಾಗ ಕಂಡುಹಿಡಿದೀ?" ಎಂದೆ.

"ಎರಡು ವಾರ ಆತು."

"ಮತ್ತ ಫೋನಿನ್ಯಾಗ ಯಾಕ ಹೇಳಲಿಲ್ಲ?"

ತಲೆ ತಗ್ಗಿಸಿದಳು. "ಅಜ್ಜ ಬರದದ್ದು ತಪ್ಪಿರಾಕಿಲ್ಲ, ನನ್ನ ಭಾಗಾಕಾರನ ತಪ್ಪಿರಬೇಕು ಅಂತ ತಿಳಕೊಂಡೆ. ಸಾಲಿಯೊಳಗ ತೋರಸೋ ನೋಟ್‌ಬುಕ್ಕಿನ್ಯಾಗ 1681 ಅವಿಭಾಜ್ಯ ಅಂತನ ಬರದೀನಿ."

ಮಕ್ಕಳೇ, ಈ ಮಾತು ನನ್ನನ್ನು ಚುಚ್ಚಿತು. ಸೂತ್ರ ತಪ್ಪಾದದ್ದು ಸಣ್ಣ ವಿಷಯ. ಸರಿಯಾದ ಉತ್ತರ ಕೈಯಲ್ಲಿ ಹಿಡಿದುಕೊಂಡಿದ್ದ ಹುಡುಗಿ, ಅಜ್ಜನ ಮೇಲಿನ ನಂಬಿಕೆಗೆ ಅದನ್ನು ಬಿಟ್ಟು ತಪ್ಪು ಬರೆದಳಲ್ಲ, ಅದು ದೊಡ್ಡ ವಿಷಯ. ಏನು ಹೇಳಬೇಕೋ ತಿಳಿಯದೆ ನಾನೂ ಸುಮ್ಮನೆ ಕುಳಿತೆ. ಅಷ್ಟರಲ್ಲಿ ಬ್ಯಾಡಗಿ ಬಂತು.

ಬ್ಯಾಡಗಿ ಬಂದದ್ದು ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಸುಗ್ಗಿಯ ದಿನಗಳಲ್ಲಂತೂ ಊರೆಲ್ಲ ಮೆಣಸಿನಕಾಯಿ ಘಾಟು. ಅಲ್ಲಿಯ ಸುಕ್ಕು ಸುಕ್ಕಾದ ಕಡುಗೆಂಪು ಕಾಯಿ ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆಯೂ ಸಿಕ್ಕಿತು. ನಾನು ಆ ಊರಿನ ಶಾಖೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದೇನೆ. ಮಾರುಕಟ್ಟೆಯಲ್ಲಿ ಒಟ್ಟಿದ ಚೀಲಗಳನ್ನು ನೋಡಿಯೇ ನನಗೆ ಅವಿಭಾಜ್ಯ ಎಂದರೇನು, ವರ್ಗ ಎಂದರೇನು ಎಂಬುದು ಸರಿಯಾಗಿ ತಿಳಿದದ್ದು. ಸಣ್ಣ ಮಕ್ಕಳಿಗಾಗಿ ಅದನ್ನು ಇಲ್ಲಿ ಹೇಳುತ್ತೇನೆ.

36 ಚೀಲ ಇವೆ ಎನ್ನಿ. ಸಾಲು ಸಾಲಾಗಿ, ಎಲ್ಲ ಸಾಲಿನಲ್ಲೂ ಸಮನಾಗಿ ಇಡಬೇಕು. ಒಂದೇ ಸಾಲಿನಲ್ಲಿ 36 ಇಡಬಹುದು. 2 ಸಾಲು ಮಾಡಿದರೆ 18, 3 ಮಾಡಿದರೆ 12, 4 ಮಾಡಿದರೆ 9. 6 ಸಾಲು ಮಾಡಿದರೆ ಸಾಲಿಗೆ 6; ನಾಲ್ಕೂ ಬದಿ ಸಮ. ಇದೇ ಪೂರ್ಣ ವರ್ಗ. ಮುಂದೆ 9 ಸಾಲು ಮಾಡಿದರೆ ಸಾಲಿಗೆ 4. ಅದು ಹೊಸದಲ್ಲ, 4 ಸಾಲಿನ ಒಟ್ಟಿಲನ್ನೇ ಆ ಕಡೆ ಹೋಗಿ ನಿಂತು ನೋಡಿದ ಹಾಗೆ. ಅಂದರೆ 6 ದಾಟಿದ ಮೇಲೆ ಹುಡುಕುವುದಕ್ಕೆ ಏನೂ ಉಳಿದಿಲ್ಲ.

37 ಚೀಲ ಇದ್ದರೆ? ಎಷ್ಟು ಒದ್ದಾಡಿದರೂ ಒಂದೇ ಉದ್ದ ಸಾಲು. ಇಂಥದ್ದೇ ಅವಿಭಾಜ್ಯ ಸಂಖ್ಯೆ.

ಇದರಿಂದ ಒಂದು ಉಪಯೋಗದ ನಿಯಮ ಸಿಗುತ್ತದೆ. ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ತಿಳಿಯಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 97ರ ವರ್ಗಮೂಲ 9 ಮತ್ತು 10ರ ನಡುವೆ ಇದೆ. ಆದ್ದರಿಂದ 2, 3, 5, 7 ನಾಲ್ಕೇ ಪರೀಕ್ಷೆ. ನಾಲ್ಕರಲ್ಲೂ ಶೇಷ ಉಳಿಯುತ್ತದೆ. 97 ಅವಿಭಾಜ್ಯ, ಮುಗಿಯಿತು.

ಆದರೆ ಅವಿಭಾಜ್ಯ ಸಂಖ್ಯೆಯ ವರ್ಗ ಬಂದರೆ ಹುಷಾರಾಗಿರಬೇಕು. 49ಕ್ಕೆ 1, 7, 49 ಮೂರೇ ಅಪವರ್ತನ. 1681ಕ್ಕೆ 1, 41, 1681 ಮೂರೇ. ಇಂಥ ಸಂಖ್ಯೆ ಕಟ್ಟಕಡೆಯ ಪರೀಕ್ಷೆಯವರೆಗೂ ಅವಿಭಾಜ್ಯದ ವೇಷ ಹಾಕಿಕೊಂಡೇ ನಿಂತಿರುತ್ತದೆ. ಹನ್ನೆರಡು ಸಲ ನೋಡಿ, ಹದಿಮೂರನೆಯದಕ್ಕೆ ಬೇಸರಪಟ್ಟವನು ಮೋಸಹೋಗುತ್ತಾನೆ.

ಬ್ಯಾಡಗಿಯಲ್ಲಿ ನಾನು ಹಾಗೆ ಮೋಸಹೋದ ಕಥೆಯನ್ನು ಮೊಮ್ಮಗಳಿಗೆ ಅವತ್ತು ಮೊದಲ ಸಲ ಹೇಳಿದೆ.

1980ರ ದಶಕ. ನಾನು ನಗದು ಕೌಂಟರಿನಲ್ಲಿದ್ದೆ. ನೋಟು ಎಣಿಸುವ ಯಂತ್ರ ನಮ್ಮಲ್ಲಿ ಇರಲಿಲ್ಲ, ಕೈಬೆರಳೇ ಯಂತ್ರ. ಮೆಣಸಿನಕಾಯಿ ಸುಗ್ಗಿಯಲ್ಲಿ ಕೌಂಟರಿನ ಮುಂದೆ ಜಾತ್ರೆ. ಒಬ್ಬ ವ್ಯಾಪಾರಸ್ಥರು ದಿನವೂ ನೂರು ನೋಟಿನ ಕಟ್ಟುಗಳನ್ನು ತರುತ್ತಿದ್ದರು. ಎರಡು ತಿಂಗಳು ಎಣಿಸಿದೆ. ಒಂದು ದಿನವೂ ಒಂದು ನೋಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಒಂದು ದಿನ ಗದ್ದಲ ವಿಪರೀತ ಇತ್ತು. ಬೇರೆಯವರ ಕಟ್ಟು ಎಣಿಸಿದೆ, ಅವರದನ್ನು ಬರೀ ಅಂಚು ಸವರಿ ನೋಡಿ, ಪಟ್ಟಿಯ ಮೇಲೆ ಸಹಿ ಹಾಕಿಬಿಟ್ಟೆ. ಸಂಜೆ ನೂರು ರೂಪಾಯಿ ಕಡಿಮೆ ಬಂತು. ಎಲ್ಲ ಕಟ್ಟು ಬಿಚ್ಚಿ ಎಣಿಸಿದಾಗ ಆ ಒಂದು ಕಟ್ಟಿನಲ್ಲಿ ತೊಂಬತ್ತೊಂಬತ್ತೇ ನೋಟು.

ಮರುದಿನ ಸುದ್ದಿ ತಿಳಿದು ಆ ವ್ಯಾಪಾರಸ್ಥರೇ ಬಂದು ನೂರರ ನೋಟು ಮುಂದೆ ಹಿಡಿದರು. ಅವರಿಗೂ ಆ ಕಟ್ಟು ಬೇರೆ ಯಾರಿಂದಲೋ ಬಂದದ್ದು. ನಾನು ತೆಗೆದುಕೊಳ್ಳಲಿಲ್ಲ. ಪಟ್ಟಿಯ ಮೇಲೆ ಇದ್ದದ್ದು ನನ್ನ ಸಹಿ. ಸಹಿ ಅಂದರೆ 'ನಾನು ಎಣಿಸಿದ್ದೇನೆ' ಎಂಬ ಮಾತು. ಎಣಿಸದೆ ಹಾಗೆ ಹೇಳಿದವನು ನಾನು. ನೂರು ರೂಪಾಯಿ ನನ್ನ ಜೇಬಿನಿಂದ ತುಂಬಿದೆ. ಆ ತಿಂಗಳು ನಮ್ಮ ಮನೆಯಲ್ಲಿ ದೊಡ್ಡವರಿಗೆ ಹಾಲಿಲ್ಲದ ಚಹಾ.

"ಅಂದ್ರ ಅವರು ಛಲೋ ಮನಷ್ಯಾರು ಇದ್ರೂ ಎಣಸಬೇಕಿತ್ತು?" ಎಂದಳು ಮೊಮ್ಮಗಳು.

"ಹೌದವ್ವಾ. ಎಣಸೂದು ಅಂದ್ರ ಅವರ ಮ್ಯಾಲ ಸಂಶೆ ಪಟ್ಟಂಗಲ್ಲ. ಅದು ನನ್ನ ಕೆಲಸ. ಅಜ್ಜ ಛಲೋ ಮನಷ್ಯಾ ಇದ್ರೂ ಅವನ ಲೆಕ್ಕ ನೀ ಎಣಸಬೇಕು."

ರೈಲು ಬ್ಯಾಡಗಿ ಬಿಟ್ಟಿತು. ಅವಳ ಮುಖ ಸ್ವಲ್ಪ ಅರಳಿತು. ಮುಂದಿನ ಪ್ರಶ್ನೆ ಬಂತು: "ಹಂಗಾದ್ರ ಯಾವ ಲೆಕ್ಕಕ್ಕೂ 'ಯಾವಾಗಲೂ' ಅನ್ನಾಕ ಬರಂಗಿಲ್ಲೇನು?"

ಬರುತ್ತದೆ. ಅದಕ್ಕೂ ನಮ್ಮ 1681ರಿಂದಲೇ ಶುರು ಮಾಡೋಣ ಎಂದೆ. ಅದರಲ್ಲಿ 1 ಕಳೆ. 1680. ಅದನ್ನು 24ರಿಂದ ಭಾಗಿಸು. ಸರಿಯಾಗಿ 70, ಶೇಷವಿಲ್ಲ. ಬೇರೆ ಅವಿಭಾಜ್ಯದ ವರ್ಗ ತಗೋ. 5ರ ವರ್ಗ 25, ಒಂದು ಕಳೆದರೆ 24. 7ರದು 49, ಒಂದು ಕಳೆದರೆ 48, ಎರಡು ಇಪ್ಪತ್ತನಾಲ್ಕು. 11ರದು 121, ಒಂದು ಕಳೆದರೆ 120, ಐದು ಇಪ್ಪತ್ತನಾಲ್ಕು. 13ರದು 169, ಒಂದು ಕಳೆದರೆ 168, ಏಳು ಇಪ್ಪತ್ತನಾಲ್ಕು. 3ಕ್ಕಿಂತ ದೊಡ್ಡದಾದ ಯಾವ ಅವಿಭಾಜ್ಯ ತಗೊಂಡರೂ ಯಾವಾಗಲೂ ಹೀಗೇ.

ಮೊಮ್ಮಗಳು ನನ್ನನ್ನೇ ನೋಡಿದಳು. "ಮತ್ತ 'ಯಾವಾಗಲೂ' ಅಂದಿ ನೋಡು!"

ಅಂದೆ. ಯಾಕೆಂದರೆ ಈ ಸಲ ಕಾರಣ ಕೊಡಬಲ್ಲೆ. ನೀವೂ ಪೆನ್ಸಿಲ್ ಹಿಡಿದು ನನ್ನ ಜೊತೆ ಬನ್ನಿ.

ಒಂದು ಸಂಖ್ಯೆಯ ವರ್ಗದಲ್ಲಿ 1 ಕಳೆದರೆ ಬರುವುದು ಅದರ ಹಿಂದಿನ ಸಂಖ್ಯೆ ಮತ್ತು ಮುಂದಿನ ಸಂಖ್ಯೆಯ ಗುಣಲಬ್ಧ. 7ರ ವರ್ಗದಲ್ಲಿ 1 ಕಳೆದರೆ 48. 6×8 ಕೂಡ 48. ಈಗ ನಮ್ಮ ಅವಿಭಾಜ್ಯದ ಎಡಬಲದ ಇಬ್ಬರು ನೆರೆಯವರನ್ನು ನೋಡಿ. ಅವಿಭಾಜ್ಯ 3ಕ್ಕಿಂತ ದೊಡ್ಡದು, ಆದ್ದರಿಂದ ಬೆಸ. ನೆರೆಯವರಿಬ್ಬರೂ ಸಮ. ಒಂದರ ಹಿಂದೊಂದು ಬರುವ ಎರಡು ಸಮ ಸಂಖ್ಯೆಗಳಲ್ಲಿ ಒಂದು 4ರಿಂದ ಭಾಗವಾಗಲೇಬೇಕು. ಹೀಗೆ ಒಂದರಿಂದ 4, ಇನ್ನೊಂದರಿಂದ 2, ಕೂಡಿ ಗುಣಲಬ್ಧ 8ರಿಂದ ಭಾಗವಾಗುತ್ತದೆ. ಇನ್ನು, ಒಂದರ ಹಿಂದೊಂದು ಬರುವ ಮೂರು ಸಂಖ್ಯೆಗಳಲ್ಲಿ ಒಂದು 3ರಿಂದ ಭಾಗವಾಗಲೇಬೇಕು. ನಡುವಿನದು ಅವಿಭಾಜ್ಯ, ಅದು ಆಗದು. ಹಾಗಾದರೆ ನೆರೆಯವರಲ್ಲಿ ಒಬ್ಬರು ಆಗಬೇಕು. 8ರಿಂದಲೂ ಭಾಗ, 3ರಿಂದಲೂ ಭಾಗ, ಅಂದರೆ 24ರಿಂದ ಭಾಗ.

ಇಲ್ಲಿ ನಾವು ಹತ್ತು ನೋಡಿ ಹನ್ನೊಂದನೆಯದನ್ನು ನಂಬಲಿಲ್ಲ. ನಲವತ್ತು ನೋಡಿಯೂ ಅಲ್ಲ. ಒಂದೇ ಕಾರಣ ಎಲ್ಲ ಅವಿಭಾಜ್ಯಗಳಿಗೂ ಹೊಂದಿತು, ಯಾರೂ ಇನ್ನೂ ಬರೆದಿರದಷ್ಟು ದೊಡ್ಡವಕ್ಕೂ. ಇದನ್ನೇ ಗಣಿತದಲ್ಲಿ ಸಾಧನೆ ಎನ್ನುತ್ತಾರೆ.

ಒಂದು ಎಚ್ಚರಿಕೆ. ಇದನ್ನು ತಿರುಗಿಸಿ ಹೇಳಬೇಡಿ. ನಮ್ಮ ಕಡೆಯ ಗಾಡಿಗಳ ನಂಬರ್ ಪ್ಲೇಟ್ ನೋಡಿ. ದಾವಣಗೆರೆಯದು ಕೆಎ 17. ಅದರ ವರ್ಗ 289, ಒಂದು ಕಳೆದರೆ 288, ಹನ್ನೆರಡು ಇಪ್ಪತ್ತನಾಲ್ಕು. 17 ಅವಿಭಾಜ್ಯವೇ. ಧಾರವಾಡದ್ದು ಕೆಎ 25. ಅದರ ವರ್ಗ 625, ಒಂದು ಕಳೆದರೆ 624, ಅದೂ ಇಪ್ಪತ್ತಾರು ಇಪ್ಪತ್ತನಾಲ್ಕು. ಆದರೆ 25 ಅವಿಭಾಜ್ಯವಲ್ಲ, 5ರ ವರ್ಗ. ಅವಿಭಾಜ್ಯಗಳೆಲ್ಲ ಈ ಪರೀಕ್ಷೆ ಪಾಸಾಗುತ್ತವೆ, ಪಾಸಾದವೆಲ್ಲ ಅವಿಭಾಜ್ಯಗಳಲ್ಲ.

ರಾಣೇಬೆನ್ನೂರು ಹತ್ತಿರ ಬರುತ್ತಿತ್ತು. ಇನ್ನೊಂದು ಉಳಿದಿತ್ತು, ಅದನ್ನೂ ಹೇಳಿಬಿಟ್ಟೆ.

ಪೂರ್ಣ ವರ್ಗಗಳನ್ನು ರೈಲು ನಿಲ್ದಾಣ ಎಂದುಕೊಳ್ಳಿ: 1, 4, 9, 16, 25, 36. ನಿಲ್ದಾಣಗಳ ನಡುವಿನ ಅಂತರ 3, 5, 7, 9, 11, ಎಲ್ಲ ಬೆಸ ಸಂಖ್ಯೆ. 1ರಿಂದ ಸಾಲಾಗಿ ಬೆಸ ಸಂಖ್ಯೆಗಳನ್ನು ಕೂಡಿದರೆ ವರ್ಗ ಸಿಗುತ್ತದೆ ಎಂಬುದು ನಮ್ಮ ನೆಲಕ್ಕೆ ಹಳೆಯ ವಿದ್ಯೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ದಲ್ಲಿ ವರ್ಗ ಮಾಡುವ ಈ ರೀತಿ ಇದೆ.

ಈಗ ಎರಡು ನಿಲ್ದಾಣಗಳ ನಡುವೆ ಅವಿಭಾಜ್ಯ ಸಿಗುತ್ತದೆಯೇ ನೋಡಿ. 1 ಮತ್ತು 4ರ ನಡುವೆ 2, 3. 4 ಮತ್ತು 9ರ ನಡುವೆ 5, 7. 9 ಮತ್ತು 16ರ ನಡುವೆ 11, 13. 16 ಮತ್ತು 25ರ ನಡುವೆ 17, 19, 23. 25 ಮತ್ತು 36ರ ನಡುವೆ 29, 31. 81 ಮತ್ತು 100ರ ನಡುವೆ 83, 89, 97. ಹೋದಷ್ಟೂ ಸಿಗುತ್ತಲೇ ಇವೆ. ಯಾವಾಗಲೂ ಒಂದಾದರೂ ಸಿಗುತ್ತದೆಯೇ?

ಸಿಗುತ್ತದೆ ಎಂಬುದು ಫ್ರಾನ್ಸಿನ ಗಣಿತಜ್ಞ ಲೆಜಾಂಡ್ರ್ ಅವರ ಹೆಸರಿನಲ್ಲಿರುವ ಊಹೆ. ಅವರು ತೀರಿಕೊಂಡದ್ದು 1833ರಲ್ಲಿ. 1912ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಜರ್ಮನಿಯ ಲ್ಯಾಂಡೌ ಅವರು, ಅವಿಭಾಜ್ಯಗಳ ಬಗ್ಗೆ ಆಗಿನ ಕಾಲಕ್ಕೆ ಕೈಗೆ ಸಿಗದ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟರು. ಅವುಗಳಲ್ಲಿ ಇದೂ ಒಂದು. ಇವತ್ತಿಗೂ ಅದಕ್ಕೆ ಸಾಧನೆ ಸಿಕ್ಕಿಲ್ಲ.

ಅದೇ 1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ಒಬ್ಬ ತರುಣ ಲೆಕ್ಕದ ಗುಮಾಸ್ತನಾಗಿ ಸೇರಿದ. ಹೆಸರು ಶ್ರೀನಿವಾಸ ರಾಮಾನುಜನ್. 1ಕ್ಕಿಂತ ದೊಡ್ಡ ಯಾವ ಸಂಖ್ಯೆ ತಗೊಂಡರೂ ಅದಕ್ಕೂ ಅದರ ದುಪ್ಪಟ್ಟಿಗೂ ನಡುವೆ ಒಂದು ಅವಿಭಾಜ್ಯ ಇದ್ದೇ ಇರುತ್ತದೆ ಎಂಬ ಮಾತನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ರಷ್ಯಾದ ಚೆಬಿಶೆವ್ ಸಾಧಿಸಿದ್ದರು. ಅದಕ್ಕೆ ಬಹಳ ಚಿಕ್ಕದಾದ ಹೊಸ ಸಾಧನೆಯನ್ನು ರಾಮಾನುಜನ್ 1919ರಲ್ಲಿ ಪ್ರಕಟಿಸಿದರು. ಆದರೆ 100ರಿಂದ 200ರವರೆಗೆ ಹುಡುಕುವುದು ಬೇರೆ, 100ರಿಂದ ಮುಂದಿನ ವರ್ಗವಾದ 121ರವರೆಗೆ ಹುಡುಕುವುದು ಬೇರೆ. ಜಾಗ ಅಷ್ಟು ಇಕ್ಕಟ್ಟಾದಾಗ ಎಲ್ಲರ ಕೈ ಕಟ್ಟಿಹೋಗಿದೆ.

"ಕಂಪ್ಯೂಟರಿಗೆ ಹಚ್ಚಿ ನೋಡಬೇಕಪಾ," ಎಂದಳು ಮೊಮ್ಮಗಳು.

"ನೋಡ್ಯಾರ. ಕೋಟಿ ಕೋಟಿ ದಾಟಿ ಹೋಗ್ಯಾರ. ಎಲ್ಲೂ ತಪ್ಪಿಲ್ಲ."

"ಮತ್ತ ಹೌದು ಅನ್ನಾಕ ಏನು ಅಡ್ಡಿ?"

ನಾನು ಏನೂ ಹೇಳಲಿಲ್ಲ, ಅವಳ ನೋಟ್‌ಬುಕ್ಕಿನ ಕಡೆ ನೋಡಿದೆ. ಅವಳೇ ನಕ್ಕಳು. "ಖರೆ. ಮೂವತ್ತೊಂಬತ್ತು ಸಲಾನೂ ಸರಿ ಬಂದಿತ್ತಲ್ಲ."

ಇಳಿಯುವ ಮೊದಲು ಅವಳಿಗೆ ಬ್ಯಾಂಕಿನ ಒಂದು ಪದ್ಧತಿ ಕಲಿಸಿದೆ. ಲೆಡ್ಜರಿನಲ್ಲಿ ತಪ್ಪು ಬರೆದರೆ ರಬ್ಬರಿನಿಂದ ಅಳಿಸುವ ಹಾಗಿಲ್ಲ, ಹಾಳೆ ಹರಿಯುವ ಹಾಗಂತೂ ಇಲ್ಲವೇ ಇಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನದು ಓದುವಂತೆ ಇರಬೇಕು. ಮೇಲೆ ಸರಿಯಾದದ್ದನ್ನು ಬರೆದು ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ಅವಳು ಸಾಲಿಯ ನೋಟ್‌ಬುಕ್ಕು ತೆಗೆದು 'ಅವಿಭಾಜ್ಯ' ಎಂಬುದರ ಮೇಲೆ ಗೆರೆ ಎಳೆದಳು. '41×41' ಎಂದು ಬರೆದಳು. ರೈಲಿನ ಅಲುಗಾಟಕ್ಕೆ ಅಕ್ಷರ ಸೊಟ್ಟಗಾದವು, ಲೆಕ್ಕ ನೆಟ್ಟಗಾಯಿತು. ಸಹಿ ಹಾಕಿ, ಪೆನ್ನು ನನ್ನ ಕೈಗೆ ಕೊಟ್ಟಳು. "ನೀನೂ ಹಾಕು ಅಜ್ಜಾ." ಹಾಕಿದೆ.

ಈಗ ನಿಮ್ಮ ಸರದಿ. ಮೂರು ವಾರದ ಹಿಂದಿನ ಸಂಚಿಕೆ ಮನೆಯಲ್ಲಿದ್ದರೆ ತೆಗೆಯಿರಿ. 'ಯಾವಾಗಲೂ' ಎಂಬ ಪದದ ಮೇಲೆ ಒಂದು ಗೆರೆ ಎಳೆದು '39ರವರೆಗೆ' ಎಂದು ಬರೆಯಿರಿ. ಸಹಿ ನಿಮ್ಮದೇ ಇರಲಿ, ಆದರೆ ಎಣಿಸಿ ನೋಡಿ ಹಾಕಿ.

ಮನೆಗೆಲಸ ಮೂರು.

ಒಂದು: ಅದೇ ಸೂತ್ರದಲ್ಲಿ 41 ಹಾಕಿದರೆ 41×42+41. ಇದು ಅವಿಭಾಜ್ಯ ಹೌದೋ ಅಲ್ಲವೋ, ಭಾಗಾಕಾರ ಮಾಡದೆ ಹೇಳಿ.

ಎರಡು: 1ರಿಂದ 100ರೊಳಗೆ ಮೂರೇ ಅಪವರ್ತನಗಳಿರುವ ಸಂಖ್ಯೆ ನಾಲ್ಕೇ ನಾಲ್ಕು. ಹುಡುಕಿ, ಯಾಕೆ ನಾಲ್ಕೇ ಎಂದು ಅಜ್ಜ-ಅಜ್ಜಿಗೆ ವಿವರಿಸಿ.

ಮೂರು: 100 ಮತ್ತು 121ರ ನಡುವೆ ಎಷ್ಟು ಅವಿಭಾಜ್ಯಗಳಿವೆ? 121 ಮತ್ತು 144ರ ನಡುವೆ?

ಉತ್ತರ ಮುಂದಿನ ವಾರ. ಅಜ್ಜ-ಅಜ್ಜಿಯರಿಗೆ ಒಂದು ಕಿವಿಮಾತು: ಮೊಮ್ಮಕ್ಕಳು ನಿಮ್ಮ ಲೆಕ್ಕ ತಪ್ಪು ಎಂದರೆ ಮೊದಲು ಕನ್ನಡಕ ಹಾಕಿಕೊಳ್ಳಿ, ಸಿಟ್ಟು ಆಮೇಲೆ ನೋಡೋಣ.